ಕ್ಯಾನ್ಸರ್ ವಾಸಿಯಾಯ್ತು, ಆ ಫೈಲು ಎಲ್ಲಿ ಹೋಯ್ತು?

ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೂರದ ನೆಂಟರ ಮನೆ ಇದೆ. ಆ ಮನೆಯ ಹುಡುಗನಿಗೆ ಈಗ 21 ವರ್ಷ. ಆರು ವರ್ಷದವನಿದ್ದಾಗ ಅವನಿಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಎರಡೂವರೆ ವರ್ಷ ದವಾಖಾನೆ ಓಡಾಡಿ, ಎರಡು ಎಕರೆ ಹೊಲ ಮಾರಿ, ಅವನನ್ನು ಉಳಿಸಿಕೊಂಡರು. ಈಗ ಧಾರವಾಡದ ಸಪ್ತಾಪುರದಲ್ಲಿ ಮೂವರು ಗೆಳೆಯರ ಜೊತೆ ರೂಮ್ ಮಾಡಿಕೊಂಡು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾನೆ. ಬೆಳಗಿನ ಐದಕ್ಕೆ ಎದ್ದು 1600 ಮೀಟರ್ ಓಟದ ಪ್ರಾಕ್ಟೀಸ್ ಮಾಡುತ್ತಾನೆ.

ಒಂದು ದಿನ ಓಡುವಾಗ ಎದೆ ಡವಡವ ಅಂತು, ಉಸಿರು ಸಿಗಲಿಲ್ಲ. ಗೆಳೆಯರು ಹತ್ತಿರದ ದವಾಖಾನೆಗೆ ಕರೆದೊಯ್ದರು. ಇಸಿಜಿ ಸರಿ ಇತ್ತು. ಮೊದಲು ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ ಅಂತ ಡಾಕ್ಟರು ಕೇಳಿದರು. ಇವನು ಹೇಳಿದ. ಯಾವ ಔಷಧ ಕೊಟ್ಟಿದ್ದರು, ಒಟ್ಟು ಎಷ್ಟು ಕೊಟ್ಟಿದ್ದರು ಅಂತ ಮುಂದಿನ ಪ್ರಶ್ನೆ. ಅದು ಇವನಿಗೆ ಹೇಗೆ ಗೊತ್ತಿರಬೇಕು? ಮನೆಗೆ ಫೋನ್ ಮಾಡಿ ಆ ಫೈಲು ಎಲ್ಲಿದೆ ಅಂತ ಕೇಳಿದ.

"ಅದನ್ನ ಯಾವಾಗೋ ಹಂಡೇದ ಒಲಿಗೆ ಹಾಕೇನಪ್ಪಾ. ಪಂಚಮಿಗೆ ಸುಣ್ಣ ಹಚ್ಚೂಮುಂದ ಕೈಗೆ ಸಿಕ್ಕಿತ್ತು. ನೋಡಿದಾಗೊಮ್ಮೆ ಎದಿ ಝಲ್ ಅಂತಿತ್ತು. ನೀ ಆರಾಮ್ ಆಗೀಯಲ್ಲ, ಇನ್ಯಾಕ ಅದು?" ಅಂದಳು ಅವನ ಅವ್ವ.

ಆ ಫೈಲು ಇದ್ದ ಟ್ರಂಕಿನಲ್ಲೇ ಹೊಲದ ಉತಾರ, ಖರೀದಿ ಪತ್ರ ಎಲ್ಲ ಇದ್ದವು. ಅವು ಇನ್ನೂ ಇವೆ. ಈ ಮಾತು ಕೇಳಿ ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಉತಾರ ಜೋಪಾನ ಮಾಡಬೇಕು ಅಂತ ಆಕೆಗೆ ಮೂರು ತಲೆಮಾರು ಹೇಳಿಕೊಟ್ಟಿದೆ. ಫೈಲು ಜೋಪಾನ ಮಾಡಬೇಕು ಅಂತ ಯಾರು ಹೇಳಿದ್ದರು? ಚಿಕಿತ್ಸೆ ಮುಗಿದ ದಿನ ದವಾಖಾನೆಯವರು "ಎಲ್ಲ ಸರಿ ಇದೆ, ಹೋಗಿ ಬನ್ನಿ" ಅಂದಿದ್ದರಂತೆ. ಮೂರ್ನಾಲ್ಕು ವರ್ಷ ತಪಾಸಣೆಗೂ ಹೋಗಿದ್ದಾರೆ. ಆಮೇಲೆ ಕಾಯಿಲೆ ತಿರುಗಿ ಬರಲ್ಲ ಅಂತ ಖಾತ್ರಿಯಾದ ಮೇಲೆ ಬಿಟ್ಟಿದ್ದಾರೆ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ?

ತಪ್ಪು ಎಲ್ಲಿದೆ ಅಂದರೆ, ಕ್ಯಾನ್ಸರ್ ತಿರುಗಿ ಬರುತ್ತಾ ಅನ್ನೋದು ಒಂದು ಪ್ರಶ್ನೆ. ಕ್ಯಾನ್ಸರಿಗೆ ಕೊಟ್ಟ ಔಷಧ ಇಪ್ಪತ್ತು ವರ್ಷದ ಮೇಲೆ ಮೈಗೆ ಏನು ಮಾಡುತ್ತೆ ಅನ್ನೋದು ಬೇರೆಯದೇ ಪ್ರಶ್ನೆ. ನಮ್ಮಲ್ಲಿ ಮೊದಲ ಪ್ರಶ್ನೆಗೆ ಮಾತ್ರ ತಪಾಸಣೆ ಇದೆ. ಎರಡನೆಯದನ್ನು ಕೇಳುವವರು ಬಹಳ ಕಡಿಮೆ.

ಉಳಿದವರ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಅಂದರೆ 19 ವರ್ಷದ ಒಳಗಿನವರಿಗೆ, ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಸಂಖ್ಯೆ ಬಹಳ ಕಡಿಮೆ, ಕೆಲವು ಕಡೆ 30 ಕೂಡ ದಾಟುವುದಿಲ್ಲ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ ನೂರಕ್ಕೆ 60 ಮಕ್ಕಳಾದರೂ ಉಳಿಯಬೇಕು ಅಂತ ಅದೇ ಸಂಸ್ಥೆ 2018ರಲ್ಲಿ ಗುರಿ ಹಾಕಿಕೊಂಡಿತು. ಭಾರತವೂ ಆ ದಾರಿಯಲ್ಲಿದೆ. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಬ್ಲಡ್ ಕ್ಯಾನ್ಸರ್ ಇವತ್ತು ಒಳ್ಳೆಯ ಕೇಂದ್ರಗಳಲ್ಲಿ ಬಹುಪಾಲು ಗುಣವಾಗುವ ಕಾಯಿಲೆ.

ಉಳಿದವರು ಜಾಸ್ತಿಯಾದಷ್ಟೂ ಮುಂದಿನ ಜವಾಬ್ದಾರಿಯೂ ಜಾಸ್ತಿ. ಇದನ್ನು ಅಮೆರಿಕದವರು ಮೊದಲೇ ಅಳೆದು ನೋಡಿದರು. ಅಲ್ಲಿ 1970ರಿಂದ 1986ರ ನಡುವೆ ಕ್ಯಾನ್ಸರ್ ಆಗಿ ಉಳಿದ 10,000ಕ್ಕೂ ಹೆಚ್ಚು ಮಕ್ಕಳನ್ನು ಅವರವರ ಒಡಹುಟ್ಟಿದವರ ಜೊತೆ ಹೋಲಿಸಿದರು. 2006ರಲ್ಲಿ ಬಂದ ಆ ವರದಿ ಈ ಕ್ಷೇತ್ರದ ಕಣ್ಣು ತೆರೆಸಿತು. ಕಾಯಿಲೆ ಪತ್ತೆಯಾಗಿ 30 ವರ್ಷ ಆಗುವಷ್ಟರಲ್ಲಿ ನೂರಕ್ಕೆ 73 ಜನರಿಗೆ ಒಂದಾದರೂ ದೀರ್ಘಕಾಲದ ತೊಂದರೆ ಬಂದಿತ್ತು. ನೂರಕ್ಕೆ 42 ಜನರಿಗೆ ಅದು ಗಂಭೀರವಾಗಿತ್ತು, ಇಲ್ಲವೇ ಜೀವಕ್ಕೇ ಬಂದಿತ್ತು. ಒಡಹುಟ್ಟಿದವರಿಗಿಂತ ಗಂಭೀರ ತೊಂದರೆಯ ಸಾಧ್ಯತೆ ಎಂಟು ಪಟ್ಟು ಜಾಸ್ತಿ.

ಈ ಅಂಕಿ ಓದಿ ಯಾರೂ ಗಾಬರಿಯಾಗಬೇಡಿ. ಅದು ಹಳೆಯ ಕಾಲದ ಚಿಕಿತ್ಸೆ. ಆಗ ತಲೆಗೆ, ಎದೆಗೆ ಕೊಡುತ್ತಿದ್ದ ವಿಕಿರಣ ಈಗಿನದಕ್ಕಿಂತ ಬಹಳ ಜಾಸ್ತಿ. ಈಗ ಬ್ಲಡ್ ಕ್ಯಾನ್ಸರ್ ಆದ ಹೆಚ್ಚಿನ ಮಕ್ಕಳಿಗೆ ತಲೆಗೆ ವಿಕಿರಣ ಕೊಡುವುದೇ ಇಲ್ಲ. ಆದರೂ ಔಷಧ ಅದೇ ಇದೆ. ಪ್ರಮಾಣ ಬದಲಾಗಿದೆ ಅಷ್ಟೇ.

ಕೆಂಪು ಔಷಧದ ಲೆಕ್ಕ

ಮಕ್ಕಳ ವಾರ್ಡಿನಲ್ಲಿ ಇದ್ದು ಬಂದ ಯಾವ ತಾಯಿಯನ್ನಾದರೂ ಕೇಳಿ, "ಕೆಂಪು ಔಷಧ" ಅಂದರೆ ಗೊತ್ತು. ಡೌನೊರುಬಿಸಿನ್, ಡಾಕ್ಸೊರುಬಿಸಿನ್ ಅಂತ ಅದರ ಹೆಸರು. ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲ ಸಲ ನೋಡಿದ ಮನೆಯವರು ರಕ್ತವೇ ಹೋಗುತ್ತಿದೆ ಅಂತ ಹೌಹಾರುತ್ತಾರೆ. ಮಕ್ಕಳ ಕ್ಯಾನ್ಸರಿನಲ್ಲಿ ಎಷ್ಟೋ ಜೀವ ಉಳಿಸಿದ ಔಷಧ ಇದು. ಇದೇ ಔಷಧ ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತದೆ. ಆ ಪೆಟ್ಟು ಆಗಲೇ ಕಾಣಬೇಕೆಂದಿಲ್ಲ. ಹತ್ತು, ಇಪ್ಪತ್ತು ವರ್ಷದ ಮೇಲೆ ಹೃದಯ ನಿಧಾನವಾಗಿ ಸೋಲಬಹುದು.

ಯಾರಿಗೆ ಎಷ್ಟು ಅಪಾಯ ಅನ್ನೋದು ಒಟ್ಟು ಎಷ್ಟು ಔಷಧ ಹೋಗಿದೆ ಅನ್ನೋದರ ಮೇಲೆ ನಿಂತಿದೆ. ಮೈಯ ಪ್ರತಿ ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಇದನ್ನು ಲೆಕ್ಕ ಹಾಕುತ್ತಾರೆ. ಎಲ್ಲ ಡೋಸ್ ಕೂಡಿಸಿದಾಗ 250 ಮುಟ್ಟಿದರೆ ಅಥವಾ ದಾಟಿದರೆ ಅಪಾಯ ಜಾಸ್ತಿ. ಅಂಥವರಿಗೆ ಎರಡು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 100ರಿಂದ 250ರ ಒಳಗಿದ್ದರೆ ಐದು ವರ್ಷಕ್ಕೊಮ್ಮೆ. 100ಕ್ಕಿಂತ ಕಡಿಮೆ ಇದ್ದು ಎದೆಗೆ ವಿಕಿರಣವೂ ಹೋಗಿಲ್ಲ ಅಂದರೆ ಎಕೋ ಬೇಕೇ ಬೇಕು ಅಂತ ಇಲ್ಲ.

ಈಗ ಆ ಸುಟ್ಟ ಫೈಲಿನ ಬೆಲೆ ತಿಳಿಯಿತಲ್ಲ? ಒಂದೇ ಒಂದು ಸಂಖ್ಯೆ ಇಲ್ಲದೆ ಡಾಕ್ಟರಿಗೆ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ಬೇಡದ ಹುಡುಗನಿಗೆ ವರ್ಷವರ್ಷ ಎಕೋ ಮಾಡಿಸಿ ಹೆದರಿಸಬಹುದು. ಬೇಕಾದ ಹುಡುಗಿಯನ್ನು "ಏನೂ ಇಲ್ಲ ಹೋಗಮ್ಮ" ಅಂತ ಕಳಿಸಿಬಿಡಬಹುದು. ಎರಡೂ ನಡೆಯುತ್ತವೆ.

ಇನ್ನೊಂದು ಮಾತು. ಇಸಿಜಿ ಸರಿ ಇದೆ ಅಂದರೆ ಹೃದಯ ಸರಿ ಇದೆ ಅಂತ ಅಲ್ಲ. ಗದಗ ಕಡೆ ಬೋರ್‌ವೆಲ್ ಇರುವ ರೈತರಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತೆ: ಇಸಿಜಿ ಅಂದರೆ ಮೋಟರಿಗೆ ಕರೆಂಟ್ ಸರಿಯಾಗಿ ಬರುತ್ತಿದೆಯಾ ಅಂತ ನೋಡೋದು. ಎಕೋ ಅಂದರೆ ಆ ಮೋಟರು ಎಷ್ಟು ನೀರು ಎತ್ತುತ್ತಿದೆ ಅಂತ ನೋಡೋದು. ಈ ಔಷಧದಿಂದ ಸೋಲೋದು ನೀರೆತ್ತುವ ಶಕ್ತಿ. ಅದನ್ನು ಮೊದಲೇ ಹಿಡಿದರೆ ಗುಳಿಗೆಯಲ್ಲೇ ಬಹಳ ವರ್ಷ ಸಂಭಾಳಿಸಬಹುದು. ಕಾಲು ಬಾತು, ಮಲಗಿದರೆ ಉಸಿರು ಕಟ್ಟುವ ಹೊತ್ತಿಗೆ ಬಂದರೆ ದಾರಿ ಕಡಿಮೆ. ಅದರ ಜೊತೆ ಬಿಪಿ ಬಂದರೆ ಅಪಾಯ ಇನ್ನೂ ಬೆಳೆಯುತ್ತದೆ. ಬಿಪಿ ನೋಡಲು ದೊಡ್ಡ ದವಾಖಾನೆ ಏನೂ ಬೇಕಿಲ್ಲ. ಊರಿನ ಉಪಕೇಂದ್ರದಲ್ಲೇ ಆಗುತ್ತದೆ.

ಹೃದಯದ ಮಾತು ಇಷ್ಟು ಉದ್ದ ಹೇಳಿದೆ, ಯಾಕೆಂದರೆ ಅದು ಸದ್ದಿಲ್ಲದೆ ಬರುವ ತೊಂದರೆ. ಆದರೆ ಔಷಧಕ್ಕೊಂದು ಅಂಗ ಇದೆ. ಸಿಸ್‌ಪ್ಲಾಟಿನ್ ಕಿವಿಗೆ, ಕಿಡ್ನಿಗೆ. ಇದರಿಂದ ಹೋಗೋದು ಮೊದಲು ಸಣ್ಣ, ಚೂಪಾದ ಸದ್ದು. ಮಗುವಿಗೆ ಮಾತು ಕೇಳುತ್ತದೆ, ಆದರೆ ಸ, ಶ, ಚ ತಪ್ಪುತ್ತವೆ. ಟೀಚರು "ಸಾಲಿ" ಅಂದದ್ದು "ಆಲಿ" ಅಂತ ಕೇಳಬಹುದು. ಕೂಗಿದರೆ ತಿರುಗಿ ನೋಡುತ್ತದೆ, ಹಾಗಾಗಿ ಕಿವಿ ಚೆನ್ನಾಗಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಸಾಲಿಯಲ್ಲಿ "ಲಕ್ಷ್ಯ ಇಲ್ಲ" ಅಂತ ಬೈಸಿಕೊಳ್ಳುತ್ತದೆ. ಒಂದು ಶ್ರವಣ ಪರೀಕ್ಷೆ, ಬೇಕಾದರೆ ಒಂದು ಮಷೀನು, ಇಲ್ಲವೇ ಮುಂದಿನ ಬೆಂಚು. ಅಷ್ಟರಿಂದಲೇ ಆ ಮಗುವಿನ ಓದು ಉಳಿಯುತ್ತದೆ.

ಸೈಕ್ಲೊಫಾಸ್ಫಮೈಡ್ ಜಾತಿಯ ಔಷಧ ಜಾಸ್ತಿ ಹೋಗಿದ್ದರೆ ಮುಂದೆ ಮಕ್ಕಳಾಗಲು ತೊಡಕಾಗಬಹುದು. ತಿಂಗಳುಗಟ್ಟಲೆ ಕೊಟ್ಟ ಸ್ಟೆರಾಯ್ಡ್ ಸೊಂಟದ ಕೀಲಿನ ಮೂಳೆಯನ್ನು ಸವೆಸಬಹುದು. ಬೆನ್ನುಹುರಿಯ ನೀರಿಗೆ ಕೊಡುವ ಮೆಥೊಟ್ರೆಕ್ಸೇಟ್‌ನಿಂದ ಕೆಲವು ಮಕ್ಕಳಿಗೆ ಲೆಕ್ಕ, ನೆನಪು ನಿಧಾನವಾಗುತ್ತದೆ. ಕಿಡ್ನಿಯ ಗಡ್ಡೆಯಾಗಿ ಒಂದು ಕಿಡ್ನಿ ತೆಗೆಸಿಕೊಂಡ ಮಕ್ಕಳು ಜೀವನವಿಡೀ ವರ್ಷಕ್ಕೊಮ್ಮೆ ಬಿಪಿ, ಮೂತ್ರ ನೋಡಿಸಬೇಕು. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ನಮ್ಮ ಕಡೆಯ ಚಟ ಅವರಿಗೆ ಆಗಿಬರಲ್ಲ. ಗರಡಿಯಲ್ಲಿ ಕುಸ್ತಿ ಹಿಡಿಯುವ ಆಸೆ ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಕಣ್ಣಿನ ಗಡ್ಡೆ, ಅಂದರೆ ರೆಟಿನೋಬ್ಲಾಸ್ಟೋಮ, ಕೆಲವರಲ್ಲಿ ವಂಶದಲ್ಲಿ ಇಳಿಯುತ್ತದೆ. ಅಂಥ ಮನೆಯಲ್ಲಿ ತಮ್ಮ, ತಂಗಿ ಹುಟ್ಟಿದ ಕೂಡಲೇ ಕಣ್ಣು ತೋರಿಸಬೇಕು.

ಚಿಕಿತ್ಸೆಯ ವೇಳೆ ಹತ್ತಾರು ಸಲ ರಕ್ತ ಏರಿಸಿಕೊಂಡವರು ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಿ ಬಂದಿದ್ದರೂ ಈಗ ಗುಳಿಗೆಯಲ್ಲಿ ವಾಸಿಯಾಗುತ್ತದೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ.

ಇನ್ನು ವಿಕಿರಣ. ನಮ್ಮ ಜನ ಅದಕ್ಕೆ "ಕರೆಂಟ್ ಕೊಡೋದು" ಅನ್ನುತ್ತಾರೆ. ಎಲ್ಲಿಗೆ ಕೊಟ್ಟಿದ್ದಾರೆ ಅನ್ನೋದೇ ಇಲ್ಲಿ ಮುಖ್ಯ. ಕುತ್ತಿಗೆಗೆ ಕೊಟ್ಟಿದ್ದರೆ ಥೈರಾಯ್ಡ್ ಕುಂದಬಹುದು, ವರ್ಷಕ್ಕೊಂದು ಟಿಎಸ್‌ಎಚ್ ಪರೀಕ್ಷೆ ಸಾಕು. ತಲೆಗೆ ಕೊಟ್ಟಿದ್ದರೆ ಎತ್ತರ, ಹಾರ್ಮೋನು, ಓದು ಮೂರರ ಮೇಲೂ ಕಣ್ಣಿಡಬೇಕು. ಹುಡುಗಿಯರಿಗೆ ಎದೆಗೆ ಕೊಟ್ಟಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಎಷ್ಟೋ ಬೇಗ ಶುರುವಾಗುತ್ತದೆ. ಅವರಿಗೆ 25ನೇ ವಯಸ್ಸಿನಿಂದ, ಇಲ್ಲವೇ ವಿಕಿರಣ ಮುಗಿದ 8 ವರ್ಷದಿಂದ, ಯಾವುದು ತಡವೋ ಆವಾಗಿನಿಂದ ಪ್ರತಿವರ್ಷ ತಪಾಸಣೆ ಬೇಕು ಅಂತ ಅಮೆರಿಕದ ಮಕ್ಕಳ ಕ್ಯಾನ್ಸರ್ ತಜ್ಞರ ಮಾರ್ಗಸೂಚಿ ಇದೆ.

ಹದಿನೆಂಟರಿಂದ ಮೂವತ್ತು

ಸರ್ಕಾರದ ಯೋಜನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ನನಗೆ ಆಶ್ಚರ್ಯವಾದದ್ದು ಈ ಜಾಗದಲ್ಲಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ತಂಡಗಳು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ಮಕ್ಕಳ ಕಣ್ಣು, ಕಿವಿ, ಹೃದಯ ನೋಡುತ್ತವೆ. ಅದು 18 ವರ್ಷಕ್ಕೆ ಮುಗಿಯುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಇನ್ನೊಂದು ಯೋಜನೆ. ಅದು 30 ವರ್ಷದಿಂದ ಶುರು. ಮನೆಬಾಗಿಲಿಗೆ ಬರುವ ರಾಜ್ಯದ ಗೃಹ ಆರೋಗ್ಯವೂ 30 ದಾಟಿದವರಿಗೇ. ನಡುವೆ 12 ವರ್ಷದ ಕಂದಕ. ಸಣ್ಣವರಿದ್ದಾಗ ಕ್ಯಾನ್ಸರ್ ಆಗಿ ಉಳಿದವರ ಹೃದಯ, ಥೈರಾಯ್ಡ್, ಎದೆ ನೋಡಬೇಕಾದದ್ದು ಹೆಚ್ಚಾಗಿ ಆ 12 ವರ್ಷದಲ್ಲೇ. ಎದೆಗೆ ವಿಕಿರಣ ಹೋದ ಹುಡುಗಿಗೆ 25ಕ್ಕೇ ಸ್ತನ ತಪಾಸಣೆ ಬೇಕು, ನಮ್ಮ ರಿಜಿಸ್ಟರಿನಲ್ಲಿ ಅವಳ ಹೆಸರು ಬರೋದು ಇನ್ನೈದು ವರ್ಷ ಬಿಟ್ಟು.

ದುಡ್ಡಿನ ಕಥೆಯೂ ಹೀಗೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಿಮೊಗೆ, ಆಪರೇಷನ್ನಿಗೆ ಇದರಿಂದ ಎಷ್ಟೋ ಹೊಲ ಉಳಿದಿವೆ. ಆದರೆ ಈ ಯೋಜನೆ ನಿಂತಿರೋದು ಪ್ಯಾಕೇಜಿನ ಮೇಲೆ. ಕಾಯಿಲೆ ಇದ್ದರೆ ಪ್ಯಾಕೇಜು. ಕಾಯಿಲೆ ಇಲ್ಲದ 21ರ ಹುಡುಗ ಹೊರರೋಗಿಯಾಗಿ ಬಂದು "ನನ್ನ ಹೃದಯ ಒಮ್ಮೆ ನೋಡಿ" ಅಂದರೆ ಅದಕ್ಕೆ ಪ್ಯಾಕೇಜು ಎಲ್ಲಿದೆ? ಹಾರ್ಟ್ ಫೇಲ್ ಆಗಿ ಅಡ್ಮಿಟ್ ಆದರೆ ಇದೆ. ಇದು ಯಾವ ಲೆಕ್ಕ ಅಂತ ನನಗೆ ಅರ್ಥವಾಗಿಲ್ಲ.

ಮೂರನೆಯದು ಡಾಕ್ಟರು. ಚಿಕಿತ್ಸೆ ಕೊಟ್ಟವರು ಮಕ್ಕಳ ಡಾಕ್ಟರು. ಮೀಸೆ ಬಂದ ಹುಡುಗ ಮಕ್ಕಳ ಒಪಿಡಿಯ ಮುಂದೆ ಕೂಸುಗಳ ನಡುವೆ ಕೂರಲು ನಾಚುತ್ತಾನೆ. ದೊಡ್ಡವರ ಡಾಕ್ಟರಿಗೆ ಈ ಹಳೆಯ ಚಿಕಿತ್ಸೆಯ ಪರಿಚಯ ಕಡಿಮೆ. ಯಾರನ್ನೂ ದೂರುವಂತಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಪದ್ಧತಿಯೇ ಇಲ್ಲ.

ದೂರವೂ ಇದೆ. ಈ ಭಾಗದ ಮಕ್ಕಳ ಚಿಕಿತ್ಸೆ ಒಂದೇ ಕಡೆ ಆಗಿರುವುದಿಲ್ಲ. ಕೆಲವರು ಹುಬ್ಬಳ್ಳಿಯಲ್ಲಿ, ಕೆಲವರು ಬೆಂಗಳೂರಿನ ಕಿದ್ವಾಯಿಯಲ್ಲಿ, ಕೆಲವರು ಮಣಿಪಾಲದಲ್ಲಿ, ಮುಂಬೈಯಲ್ಲಿ. ಗುಣವಾದ ಮಗನನ್ನು ಕರೆದುಕೊಂಡು 400 ಕಿಲೋಮೀಟರ್ ದಾಟಿ ಹೋಗಿ, ಎರಡು ದಿನದ ಕೂಲಿ ಬಿಟ್ಟು, ಹತ್ತು ನಿಮಿಷ ತೋರಿಸಿ ಬರೋದು ಯಾವ ಮನೆಗೆ ಸುಲಭ? ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ದೊಡ್ಡ ರಿಯಾಯಿತಿ ಇದೆ. ಅದು ಚಿಕಿತ್ಸೆಗೆ ಮಾತ್ರ ಅಲ್ಲ, ಆಮೇಲಿನ ನಿಯಮಿತ ತಪಾಸಣೆಗೂ ಇದೆ. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ನೂರಕ್ಕೆ 75. ದವಾಖಾನೆಯ ಫಾರ್ಮು ಬೇಕು. ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಪುಕ್ಕಟೆ, ತಪಾಸಣೆಗೆ ಹೊರಟ ಮಗನಿಗೆ ಟಿಕೆಟ್!

ಮದುವೆ ಮತ್ತು ತಾಯಿ ಕಾರ್ಡ್

ಹುಡುಗಿಯರ ವಿಷಯ ಇನ್ನೂ ಬಿಗಿ. "ಸಣ್ಣಾಕಿ ಇದ್ದಾಗ ಕ್ಯಾನ್ಸರ್ ಆಗಿತ್ತು" ಅಂತ ಹೇಳಿದರೆ ವರ ಸಿಗಲ್ಲ ಅನ್ನೋ ಭಯ. ಹಾಗಾಗಿ ಫೈಲು ಸುಡುವುದಷ್ಟೇ ಅಲ್ಲ, ಮಾತನ್ನೂ ಹೂಳುತ್ತಾರೆ. ಎಷ್ಟೋ ಹುಡುಗಿಯರಿಗೆ ತಮಗೇ ತಮ್ಮ ಕಾಯಿಲೆಯ ಹೆಸರು ಗೊತ್ತಿರಲ್ಲ. "ರಕ್ತ ಕಡಿಮಿ ಆಗಿತ್ತು" ಅಂತ ಮಾತ್ರ ಗೊತ್ತು.

ಮದುವೆಯಾಗಿ ಗರ್ಭ ನಿಂತ ಮೇಲೆ ಹೃದಯದ ಕೆಲಸ ಹೆಚ್ಚುತ್ತದೆ. ಚಿಕ್ಕಂದಿನಲ್ಲಿ ಕೆಂಪು ಔಷಧ ಹೋದವರು ಗರ್ಭ ಧರಿಸುವ ಮೊದಲು, ಇಲ್ಲವೇ ಮೊದಲ ಮೂರು ತಿಂಗಳಲ್ಲೇ ಒಂದು ಎಕೋ ಮಾಡಿಸಬೇಕು. ಏಳನೇ ತಿಂಗಳಲ್ಲಿ ಏದುಸಿರು ಬಂದರೆ ನಮ್ಮಲ್ಲಿ ಮೊದಲು ಹೇಳೋದು "ರಕ್ತ ಕಡಿಮೆ, ಕಬ್ಬಿಣದ ಗುಳಿಗೆ ತಗೊಳಿ" ಅಂತ. ಹೆಚ್ಚಿನ ಸಲ ಅದು ನಿಜವೇ ಇರುತ್ತದೆ. ಈ ಕೆಲವರಲ್ಲಿ ಮಾತ್ರ ಅದು ಹೃದಯದ್ದೂ ಇರಬಹುದು. ತಾಯಿ ಕಾರ್ಡಿನಲ್ಲಿ "ಚಿಕ್ಕಂದಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಆಗಿತ್ತೇ?" ಅನ್ನೋ ಒಂದು ಸಾಲು ಇದ್ದರೆ, ಅದನ್ನು ಗಂಡನ ಮನೆಯವರ ಮುಂದೆ ಅಲ್ಲ, ಒಬ್ಬಳನ್ನೇ ಕೂರಿಸಿ ಕೇಳಿದರೆ, ಎಷ್ಟು ಖರ್ಚು?

ಜನ ಕೇಳುವ ಇನ್ನೊಂದು ಪ್ರಶ್ನೆ ಇದೆ, ಹೇಳಿಬಿಡುತ್ತೇನೆ. ಇವರ ಮಕ್ಕಳಿಗೂ ಕ್ಯಾನ್ಸರ್ ಬರುತ್ತಾ? ಕಣ್ಣಿನ ಗಡ್ಡೆಯಂಥ ವಂಶದ ಕೆಲವು ಬಗೆ ಬಿಟ್ಟರೆ, ಬೇರೆಯವರ ಮಕ್ಕಳಿಗಿಂತ ಜಾಸ್ತಿ ಅಪಾಯ ಇಲ್ಲ. ಇದು ಅಂಟುವ ಕಾಯಿಲೆಯೂ ಅಲ್ಲ. ಬಸುರಿಯಿದ್ದಾಗ ತಾಯಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ. ಬೀಗರ ಮನೆಯಲ್ಲಿ ಕೂತು ಇದನ್ನು ಒಬ್ಬ ಡಾಕ್ಟರು ಹೇಳಿದರೆ ಎಷ್ಟು ಫೈಲು ಉಳಿದಾವು!

ಇಲ್ಲಿ ಏನು ಮಾಡಬಹುದು

ಹೊಸ ಕಟ್ಟಡ ಬೇಕು, ಹೊಸ ಸಂಸ್ಥೆ ಬೇಕು ಅಂತ ನಾನು ಕೇಳಲ್ಲ. ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಅಂತಲೇ ಕರೆಯುವ ಹಳೆಯ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ನವನಗರದಲ್ಲಿ ಕ್ಯಾನ್ಸರ್ ದವಾಖಾನೆ ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ಮೆಡಿಕಲ್ ಕಾಲೇಜು, ಧಾರವಾಡದಲ್ಲಿ ಮನಸ್ಸಿನ ಕಾಯಿಲೆಗೆ ಡಿಮ್ಹಾನ್ಸ್ ಇದೆ. ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಹಿಮ್ಸ್ ಅಂತ ಸರ್ಕಾರಿ ಮೆಡಿಕಲ್ ಕಾಲೇಜುಗಳು ಬಂದಿವೆ. ಬಿಪಿ, ಮೂತ್ರ, ಟಿಎಸ್‌ಎಚ್, ಎಕೋ, ಕಿವಿ ಪರೀಕ್ಷೆ ಯಾವುದೂ ಈ ಸುತ್ತಿನಲ್ಲಿ ಸಿಗದ ವಸ್ತು ಅಲ್ಲ. ಲಕ್ಷದ ಮಾತೂ ಅಲ್ಲ. ಸಿಗದೇ ಇರೋದು ಯಾರಿಗೆ ಯಾವುದು ಬೇಕು ಅಂತ ಹೇಳುವ ಕಾಗದ, ಮತ್ತು ಅದನ್ನು ಓದುವ ಒಬ್ಬರು.

ಇದು ಭಾರತದಲ್ಲಿ ಆಗದ ಕೆಲಸವೇನಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಚಿಕಿತ್ಸೆ ಮುಗಿದ ಮಕ್ಕಳಿಗೆಂದೇ 1991ರಲ್ಲಿ ಬೇರೆ ಕ್ಲಿನಿಕ್ ಶುರುವಾಯಿತು. ಆಕ್ಟ್ ಕ್ಲಿನಿಕ್ ಅಂತ ಅದರ ಹೆಸರು. ಅಲ್ಲಿ ದೊಡ್ಡವರಾದವರು ಸೇರಿ, ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಸರೆಯಲ್ಲಿ 2009ರಲ್ಲಿ ಉಗಮ್ ಅಂತ ಗುಂಪು ಕಟ್ಟಿಕೊಂಡರು. ಈಗ ಕಾಯಿಲೆ ಬಿದ್ದ ಮಕ್ಕಳ ಅಪ್ಪ ಅವ್ವಂದಿರ ಮುಂದೆ ಹೋಗಿ ನಿಂತು, "ನನಗೂ ಇದೇ ಆಗಿತ್ತು, ನೋಡಿ" ಅನ್ನುತ್ತಾರೆ. ಆ ಒಂದು ಮಾತಿಗೆ ಇರುವ ತೂಕ ಯಾವ ಕೌನ್ಸೆಲಿಂಗ್‌ಗೂ ಇಲ್ಲ. ಹುಬ್ಬಳ್ಳಿಯಲ್ಲಿ ತಿಂಗಳಿಗೆ ಒಂದು ಮಧ್ಯಾಹ್ನ ಇಂಥ ಒಪಿಡಿ ನಡೆದರೆ ಸಾಕು. ಮಕ್ಕಳ ಡಾಕ್ಟರು ಒಬ್ಬರು, ದೊಡ್ಡವರ ಡಾಕ್ಟರು ಒಬ್ಬರು, ರಿಜಿಸ್ಟರು ಹಿಡಿದು ಫೋನ್ ಮಾಡುವ ನರ್ಸ್ ಒಬ್ಬರು. ನರ್ಸ್ ಎಲ್ಲರಿಗಿಂತ ಮುಖ್ಯ. ಯಾಕೆಂದರೆ ಇವರಿಗೆ ನೋವಿಲ್ಲ, ಜ್ವರ ಇಲ್ಲ, ತಾವಾಗೇ ಬರಲ್ಲ. ಕರೆಯಬೇಕು.

ಕಾಗದಕ್ಕೆ ನನ್ನದೊಂದು ಸಲಹೆ ಇದೆ. ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಕೊಟ್ಟ ದವಾಖಾನೆ ಬಿಲ್ಲಿಗಾಗಿ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ದಾಖಲೆ ಕಳಿಸಲೇಬೇಕು. ಮಗುವಿನ ಕೊನೆಯ ಕ್ಲೇಮಿನ ಜೊತೆ ಒಂದು ಪುಟದ ಚಿಕಿತ್ಸೆಯ ಸಾರಾಂಶ ಇರಲೇಬೇಕು, ಇಲ್ಲದಿದ್ದರೆ ದುಡ್ಡು ಬಿಡುಗಡೆ ಇಲ್ಲ ಅಂತ ನಿಯಮ ಮಾಡಲಿ. ಕಾಯಿಲೆಯ ಹೆಸರು, ಯಾವ ಔಷಧ, ಒಟ್ಟು ಎಷ್ಟು, ವಿಕಿರಣ ಎಲ್ಲಿಗೆ, ಎಷ್ಟು, ಮುಂದೆ ಯಾವ ತಪಾಸಣೆ ಯಾವಾಗ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಪ್ರತಿ ಮನೆಗೂ ಒಂದು ಪ್ರತಿ, ಮಗುವಿನ ಆಭಾ ಖಾತೆಗೆ, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಗೆ, ಒಂದು ಪ್ರತಿ. ಡಾಕ್ಟರಿಗೆ ಟೈಮ್ ಇಲ್ಲ ಅಂತ ಯಾರಾದರೂ ಹೇಳಬಹುದು. ನಿಜ, ಇಲ್ಲ. ಆದರೆ ಬಿಲ್ಲಿಗೆ ಬೇಕು ಅಂದರೆ ಎಲ್ಲದಕ್ಕೂ ಟೈಮ್ ಸಿಗುತ್ತೆ ಅನ್ನೋದನ್ನು ನಾವೆಲ್ಲ ನೋಡಿದ್ದೇವೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರಬಹುದು. ಎಷ್ಟೋ ಮಕ್ಕಳಿಗೆ ಕಾಯಿಲೆಯೇ ಸಮಯಕ್ಕೆ ಪತ್ತೆಯಾಗಲ್ಲ, ಅರ್ಧಕ್ಕೇ ಚಿಕಿತ್ಸೆ ಬಿಡುವವರಿದ್ದಾರೆ, ಅವರನ್ನು ಬಿಟ್ಟು ಗುಣವಾದವರ ಬಗ್ಗೆ ಯಾಕೆ ಅಂತ. ಆ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಇದು ಒಂದರ ದುಡ್ಡು ಕಿತ್ತು ಇನ್ನೊಂದಕ್ಕೆ ಹಾಕುವ ಮಾತಲ್ಲ. ಜಿಲ್ಲಾ ಆಸ್ಪತ್ರೆಗಳಿಗೆ ಡೇ ಕೇರ್ ಕಿಮೊ ಕೇಂದ್ರಗಳು ಬರುತ್ತಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗೂ ಅಂತ ಹೇಳಿದ್ದಾರೆ. ಅಲ್ಲಿ ಕೂರುವ ನರ್ಸಿನ ಮೇಜಿನ ಮೇಲೇ ಈ ರಿಜಿಸ್ಟರು ಇರಬಹುದು.

ವಿಮೆ, ನೌಕರಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫ್ರಾನ್ಸಿನಲ್ಲಿ ಚಿಕಿತ್ಸೆ ಮುಗಿದು ಐದು ವರ್ಷ ಆದವರು ಸಾಲದ ವಿಮೆ ಮಾಡಿಸುವಾಗ ಹಳೆಯ ಕ್ಯಾನ್ಸರ್ ಹೇಳಬೇಕಿಲ್ಲ ಅಂತ ಕಾನೂನೇ ಇದೆ. ನಮ್ಮಲ್ಲಿ ಹಾಗಿಲ್ಲ. 2024ರಲ್ಲಿ ಆರೋಗ್ಯ ವಿಮೆಯಲ್ಲಿ ಹಳೆಯ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಸಿದ್ದಾರೆ, ಅಷ್ಟು ಸಮಾಧಾನ. ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮಿನ ಹೊತ್ತಿಗೆ ಕೈಕೊಡುತ್ತದೆ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕ್ಯಾನ್ಸರ್ ಇಲ್ಲ. ಆದರೆ ಅದರಿಂದ ಕಿವಿ, ಕಣ್ಣು, ಕಾಲು ಕಳೆದುಕೊಂಡವರು ಆ ಲೆಕ್ಕದಲ್ಲೇ ಕಾರ್ಡ್ ಪಡೆಯಬಹುದು. ಸಾಲಿಯಲ್ಲಿ ಹಿಂದೆ ಬಿದ್ದ ಮಕ್ಕಳೂ ಒಮ್ಮೆ ಕಲಿಕೆಯ ತಪಾಸಣೆ ಮಾಡಿಸಿದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಬಹುದು.

ನಮ್ಮ ಹುಡುಗನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಫೈಲಿಗಾಗಿ ಚಿಕಿತ್ಸೆ ಕೊಟ್ಟ ಕಡೆ ಎರಡು ಸಲ ಕೇಳಿದರು. ಹಳೆಯ ನಂಬರ್ ಇಲ್ಲದೆ ಹುಡುಕಲು ಆಗಲ್ಲ ಅಂದರು. ಆಮೇಲೆ ಅವನ ಅಪ್ಪನಿಗೆ ನೆನಪಾಯಿತು. ಆಗ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿದ್ದರು. ಅರ್ಜಿ ಬರೆದುಕೊಟ್ಟ ಊರಿನ ಮಾಸ್ತರರು ಎಲ್ಲದರ ಒಂದೊಂದು ಜೆರಾಕ್ಸ್ ಇಟ್ಟುಕೊಳ್ಳುವ ಮನುಷ್ಯ. ಅವರ ಕಪಾಟಿನಲ್ಲಿ ಎರಡು ಹಾಳೆ ಸಿಕ್ಕವು. ಒಂದರಲ್ಲಿ ಯಾವ ಪ್ರೋಟೊಕಾಲ್, ಅಂದರೆ ಯಾವ ಔಷಧ ಯಾವಾಗ ಎಷ್ಟು ಅಂತ ಮೊದಲೇ ಗೊತ್ತುಮಾಡಿದ ಯಾವ ಪಟ್ಟಿಯ ಪ್ರಕಾರ ಚಿಕಿತ್ಸೆ ಅಂತ ಇತ್ತು. ಔಷಧದ ಒಟ್ಟು ಲೆಕ್ಕ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರೊಬ್ಬರು ಆ ಪ್ರೋಟೊಕಾಲ್ ತೆಗೆದು, ಎಷ್ಟು ಹೋಗಿರಬಹುದು ಅಂತ ಅಂದಾಜು ಮಾಡಿದರು. 100ಕ್ಕಿಂತ ಮೇಲೆ, 250ಕ್ಕಿಂತ ಬಹಳ ಕೆಳಗೆ. ಎಕೋ ಆಯಿತು. ಹೃದಯ ಚೆನ್ನಾಗಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ರಕ್ತದ ಉಳಿದ ಎಣಿಕೆ ಸರಿ. ರೂಮಿನಲ್ಲಿ ಬರೀ ಚಹಾ ಕುಡಿದು ಓಡುತ್ತಿದ್ದನಂತೆ! ಊಟ ಸರಿ ಮಾಡು, ಓಡೋದು ಬಿಡಬೇಡ, ಐದು ವರ್ಷಕ್ಕೆ ಇನ್ನೊಂದು ಎಕೋ ಅಂದರು.

ಡಾಕ್ಟರು ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಕೊಟ್ಟರು. ಅವನು ಅದರ ಫೋಟೊ ತೆಗೆದು ಅಕ್ಕನಿಗೂ, ನನಗೂ ಕಳಿಸಿದ. ಕಾಗದವನ್ನು ಬಸ್ ಸ್ಟ್ಯಾಂಡ್ ಹತ್ತಿರ ಲ್ಯಾಮಿನೇಷನ್ ಮಾಡಿಸಿ ಊರಿಗೆ ಒಯ್ದ. "ಇದನ್ನ ಎಲ್ಲಿ ಇಡ್ಲೋ ಯಪ್ಪಾ?" ಅಂತ ಅವನ ಅವ್ವ ಹಿಂದೆ ಮುಂದೆ ತಿರುಗಿಸಿ ನೋಡಿದಳಂತೆ. ಆಮೇಲೆ ಟ್ರಂಕು ತೆಗೆದು, ಉಳಿದ ಹೊಲದ ಉತಾರದ ಕೆಳಗೆ ಇಟ್ಟು, ಕೀಲಿ ಹಾಕಿದಳು.